ಬಗ್ಗಿಸಿದ ರಾಡ್ ಎಷ್ಟು ತಾಳುತ್ತದೆ?

ಸ್ಕೋಲಿಯೋಸಿಸ್‌ನಿಂದ ಬೆನ್ನುಮೂಳೆ ಪಕ್ಕಕ್ಕೆ ಸೊಟ್ಟಗಾದಾಗ ಅಥವಾ ಗೂನು ಮಿತಿಮೀರಿದಾಗ, ವೈದ್ಯರು ಕಶೇರುಗಳಿಗೆ ಸ್ಕ್ರೂ ಕೂರಿಸಿ, ಅವುಗಳ ತಲೆಗಳ ಉದ್ದಕ್ಕೂ ಎರಡು ಲೋಹದ ರಾಡ್ ಬಿಗಿಯುತ್ತಾರೆ. ರಾಡ್ ಸಾಮಾನ್ಯವಾಗಿ ನೆಟ್ಟಗೆ ಬರುತ್ತದೆ. ಬೆನ್ನು ಹಾಗಲ್ಲ, ಪಕ್ಕದಿಂದ ನೋಡಿದರೆ ಸೊಂಟದ ಬಳಿ ಒಳಕ್ಕೆ, ಎದೆಯ ಹಿಂದೆ ಹೊರಕ್ಕೆ ಬಾಗಿದೆ. ಅಮೆರಿಕದ ಪಾಲ್ ಹ್ಯಾರಿಂಗ್ಟನ್ 1962ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ರಾಡ್ ಬೆನ್ನನ್ನು ಉದ್ದಕ್ಕೆ ಹಿಗ್ಗಿಸುತ್ತಿತ್ತು. ಸೊಟ್ಟು ಕಡಿಮೆಯಾಗುತ್ತಿತ್ತು, ಆದರೆ ರಾಡ್ ಸೊಂಟದವರೆಗೆ ಇಳಿದವರಲ್ಲಿ ಅಲ್ಲಿನ ಸಹಜ ಬಾಗೂ ಹೋಗಿ, ಮುಂದಕ್ಕೆ ವಾಲಿಕೊಂಡೇ ನಡೆಯುವ ಪಾಡು ಬರುತ್ತಿತ್ತು. 1980ರ ದಶಕದಲ್ಲಿ ಫ್ರಾನ್ಸಿನ ಕೊತ್ರೆಲ್ ಮತ್ತು ದ್ಯುಬುಸೆ ರಾಡನ್ನೇ ಬಗ್ಗಿಸಿ ಕೂರಿಸುವ ದಾರಿ ತೋರಿದರು.

ಬಗ್ಗಿಸುವ ಕೆಲಸ ಬಹುತೇಕ ಆಪರೇಷನ್ ಕೋಣೆಯಲ್ಲೇ, ಮೂರು ಉರುಳೆಗಳಿರುವ ಫ್ರೆಂಚ್ ಬೆಂಡರ್ ಎಂಬ ಕೈ ಉಪಕರಣದಲ್ಲಿ ನಡೆಯುತ್ತದೆ. ಕೈ ಬಿಟ್ಟೊಡನೆ ರಾಡ್ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಟೈಟಾನಿಯಂನಲ್ಲಿ ಇದು ಹೆಚ್ಚು, ಏಕೆಂದರೆ ಅದರ ಬಿಗುವು ಸ್ಟೀಲ್ ಅಥವಾ ಕೋಬಾಲ್ಟ್-ಕ್ರೋಮ್‌ನದರ ಅರ್ಧದಷ್ಟು. ಬೆನ್ನಿಗೆ ಜೋಡಿಸಿದ ಮೇಲೂ ಸೊಟ್ಟಿನ ಒಳಬದಿಯ ರಾಡ್ ಮೂಳೆಗಳ ಎಳೆತಕ್ಕೆ ಸಿಕ್ಕಿ ತುಸು ನೆಟ್ಟಗಾಗುತ್ತದೆ. ಅದಕ್ಕಾಗಿಯೇ ಅನುಭವಿ ವೈದ್ಯರು ಬೇಕಾದುದಕ್ಕಿಂತ ಒಂದಿಷ್ಟು ಹೆಚ್ಚೇ ಬಗ್ಗಿಸುತ್ತಾರೆ. ದಪ್ಪವೂ ಮುಖ್ಯ: ಬಿಗುವು ವ್ಯಾಸದ ನಾಲ್ಕನೇ ಘಾತಕ್ಕೆ ಏರುವುದರಿಂದ, 5.5 ಮಿಲಿಮೀಟರ್ ರಾಡಿಗಿಂತ 6 ಮಿಲಿಮೀಟರಿನದು ಸುಮಾರು ಶೇ 40ರಷ್ಟು ಹೆಚ್ಚು ಬಿಗಿ. ಅರ್ಧ ಮಿಲಿಮೀಟರ್ ಕಣ್ಣಿಗೆ ಬೀಳುವುದೇ ಕಷ್ಟ!

ಬಾಗಿಗೆ ಬೆಲೆಯೂ ಇದೆ. ಬೆಂಡರಿನ ನಡು ಉರುಳೆ ಒತ್ತಿದಲ್ಲಿ ಬಾಗಿನ ಒಳಮೈ ಮೇಲೆ ಗುರುತು ಬೀಳುತ್ತದೆ, ಲೋಹದೊಳಗೆ ಒತ್ತಡವೂ ಉಳಿಯುತ್ತದೆ. ಸೊಂಟದ ಭಾಗದಲ್ಲಿ ಈ ಒಳಮೈ ಹಿಂಬದಿಗೆ ಇರುತ್ತದೆ. ರೋಗಿ ಮುಂದಕ್ಕೆ ಬಗ್ಗಿದಾಗಲೆಲ್ಲ ಎಳೆತ ಬೀಳುವುದೂ ಅಲ್ಲಿಗೇ. ಗೀರು, ಗುಳಿಗಳನ್ನು ಟೈಟಾನಿಯಂ ಅಷ್ಟಾಗಿ ಸಹಿಸುವುದಿಲ್ಲ, ಬಿರುಕು ಅಲ್ಲಿಂದಲೇ ಹೊರಡಬಹುದು. ಕಟ್ಟಡದ ಬೈಂಡಿಂಗ್ ತಂತಿಯನ್ನು ಅತ್ತಿತ್ತ ನಾಲ್ಕಾರು ಸಲ ಮಣಿಸಿದರೆ ತುಂಡಾಗುತ್ತದಲ್ಲ, ರಾಡಿನಲ್ಲೂ ಅದೇ ನಿಯಮ, ನಿಧಾನವಾಗಿ. ಆದ್ದರಿಂದ ಒಮ್ಮೆ ಬಗ್ಗಿಸಿದ್ದನ್ನು ಹಿಮ್ಮುಖವಾಗಿ ತಿದ್ದುವುದು ಒಳ್ಳೆಯದಲ್ಲ. ಕಂಪ್ಯೂಟರ್ ಯೋಜನೆಯಂತೆ ಮೊದಲೇ ಬಗ್ಗಿಸಿ ಕಳುಹಿಸುವ ರಾಡ್‌ಗಳ ನಿಜವಾದ ಲಾಭ ಈ ತಿದ್ದಾಟ ತಪ್ಪುವುದೇ ಎಂದು ನನಗನಿಸುತ್ತದೆ, ಉಳಿಸುವ ಸಮಯಕ್ಕಿಂತ.

ಪ್ರಯೋಗಾಲಯದಲ್ಲಿ ರಾಡು-ಸ್ಕ್ರೂ ಜೋಡಣೆಯನ್ನು ನಡುವೆ ಮೂಳೆಯ ಆಸರೆಯೇ ಇಲ್ಲವೆಂಬಂತೆ ಪ್ಲಾಸ್ಟಿಕ್ ದಿಮ್ಮಿಗಳಿಗೆ ಕಟ್ಟಿ, 50 ಲಕ್ಷ ಸಲದವರೆಗೆ ಒತ್ತಿ ನೋಡುತ್ತಾರೆ. ಇದು ಕಠಿಣ ಪರೀಕ್ಷೆ, ಆದರೆ ರಾಡ್ ಅನಂತಕಾಲ ನಿಲ್ಲಬೇಕೆಂಬ ನಿರೀಕ್ಷೆ ಯಾರಿಗೂ ಇಲ್ಲ. ಕಶೇರುಗಳು ಒಂದಕ್ಕೊಂದು ಬೆಸೆದುಕೊಂಡು ಒಂದೇ ಮೂಳೆಯಾಗುವವರೆಗೆ ಅದು ಹಿಡಿದಿದ್ದರೆ ಸಾಕು. ಆಮೇಲೆ ಭಾರ ಹೊರುವುದು ಮೂಳೆಯೇ. ಬೆಸುಗೆ ಆಗದಿದ್ದರೆ ಎಂಥ ಲೋಹವೂ ಒಂದು ದಿನ ದಣಿದು ಮುರಿಯುತ್ತದೆ. ಕಶೇರುವಿನಿಂದ ತ್ರಿಕೋನಾಕಾರದ ಮೂಳೆ ತುಂಡು ತೆಗೆದು ಗೂನು ತಿದ್ದುವಲ್ಲಿ ಬಾಗು ಕಡಿದಾಗಿರುವುದರಿಂದ ಅಪಾಯ ಹೆಚ್ಚು, ಅಲ್ಲಿ ಮೂರನೆಯ, ನಾಲ್ಕನೆಯ ರಾಡನ್ನೂ ಸೇರಿಸುವುದುಂಟು.

ಎಕ್ಸ್‌ರೇಯಲ್ಲಿ ಮುರಿದ ರಾಡ್ ಕಂಡಾಗ ವೈದ್ಯರು ಮೊದಲು ನೋಡುವುದು ಆ ಮಟ್ಟದ ಮೂಳೆ ಬೆಸೆದಿದೆಯೇ ಎಂದು. ಬೆಸೆದಿದ್ದು, ನೋವೂ ಇಲ್ಲದೆ ಬೆನ್ನಿನ ಆಕಾರ ಸರಿಯಾಗಿದ್ದರೆ, ಮುರಿದ ರಾಡನ್ನು ಒಳಗೇ ಬಿಟ್ಟು ಆಗಾಗ ಪರೀಕ್ಷಿಸುತ್ತಾ ಹೋಗಬಹುದು.