ಎಂಜಿನ್ನಿನ ಗಾಳಿ ಸೋರಿಕೆ: ಬಿಡಿಭಾಗ ಕೊಳ್ಳುವ ಮುನ್ನ

ಸರಕು ವಿತರಣೆಯ ಪೆಟ್ರೋಲ್ ವ್ಯಾನು ಸಿಗ್ನಲ್‌ನಲ್ಲಿ ನಿಂತಾಗ ನಡುಗುವುದು, ಐಡ್ಲಿಂಗ್ ವೇಗ ತಾನಾಗಿಯೇ ಏರಿಳಿಯುವುದು, ಎಂಜಿನ್ ಎಚ್ಚರಿಕೆ ದೀಪ ಹೊತ್ತಿಕೊಳ್ಳುವುದು ಮೊದಲಾದ ಲಕ್ಷಣಗಳು ಕಂಡೊಡನೆ ಪ್ಲಗ್, ಇಂಜೆಕ್ಟರ್, ಆಕ್ಸಿಜನ್ ಸೆನ್ಸರ್‌ಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗುವ ರೂಢಿಯುಂಟು. ಸಾವಿರಾರು ರೂಪಾಯಿ ವ್ಯಯವಾದ ಬಳಿಕ, ದೋಷವಿದ್ದದ್ದು ಬಿರುಕು ಬಿಟ್ಟ ರಬ್ಬರ್ ಪೈಪಿನಲ್ಲಿ ಎಂದು ತಿಳಿಯುವುದೂ ಅಪರೂಪವಲ್ಲ. ದುರಸ್ತಿಯ ಬಿಲ್ಲಿಗಿಂತ ವಾಹನ ನಿಂತ ದಿನಗಳ ನಷ್ಟವೇ ವ್ಯಾಪಾರಿಗೆ ಹೆಚ್ಚು.

ಪೆಟ್ರೋಲ್ ಎಂಜಿನ್ನಿಗೆ ಗಾಳಿಯು ಥ್ರಾಟಲ್ ಕವಾಟದ ನಿಯಂತ್ರಣದಲ್ಲಿಯೇ ಪ್ರವೇಶಿಸಬೇಕು. ಐಡ್ಲಿಂಗ್‌ನಲ್ಲಿ ಈ ಕವಾಟ ಬಹುತೇಕ ಮುಚ್ಚಿರುವುದರಿಂದ ಅದರಾಚೆಯ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಉಂಟಾಗುತ್ತದೆ. ಸುಸ್ಥಿತಿಯ ಎಂಜಿನ್ನಿನಲ್ಲಿ ವ್ಯಾಕ್ಯೂಮ್ ಗೇಜ್ ಸಾಮಾನ್ಯವಾಗಿ 17ರಿಂದ 21 ಅಂಗುಲ ಪಾದರಸವನ್ನು ಸ್ಥಿರವಾಗಿ ತೋರಿಸುತ್ತದೆ. ಇದು ಸಮುದ್ರಮಟ್ಟದ ಲೆಕ್ಕ. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು ಮೂರು ಅಂಗುಲ ಕಡಿಮೆ ಕಂಡರೆ ಗಾಬರಿಪಡಬೇಕಿಲ್ಲ. ಮಂಗಳೂರಿನ ಅಂಕಿಯನ್ನು ಅಲ್ಲಿ ನಿರೀಕ್ಷಿಸುವುದೇ ತಪ್ಪು. ಪೈಪು ಅಥವಾ ಗ್ಯಾಸ್ಕೆಟ್ ಬಿರುಕು ಬಿಟ್ಟಲ್ಲಿ ಈ ನಿರ್ವಾತವು ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ಪ್ರಮಾಣ ಕೆಟ್ಟು ಮಿಶ್ರಣ ತೆಳುವಾಗುತ್ತದೆ.

ಸ್ಕ್ಯಾನರ್ ಜೋಡಿಸಿದಾಗ ಬರುವ ಪಿ0171 ಎಂಬ ಸಂಕೇತ ಮಿಶ್ರಣ ತೆಳುವಾಗಿದೆ ಎಂದಷ್ಟೇ ಹೇಳುತ್ತದೆ. ಸೆನ್ಸರ್ ಬದಲಿಸಿ ಎಂದಲ್ಲ. ನಿಜವಾದ ಸುಳಿವು ಇರುವುದು ಫ್ಯೂಯಲ್ ಟ್ರಿಮ್ ಅಂಕಿಗಳಲ್ಲಿ, ಅಂದರೆ ಕಂಪ್ಯೂಟರು ಹೆಚ್ಚುವರಿಯಾಗಿ ಸೇರಿಸುತ್ತಿರುವ ಇಂಧನದ ಶೇಕಡಾವಾರಿನಲ್ಲಿ. ಐಡ್ಲಿಂಗ್‌ನಲ್ಲಿ ಅದು ಶೇ. 10ನ್ನು ಮೀರಿದ್ದು, ನಿಮಿಷಕ್ಕೆ 2500 ಸುತ್ತಿಗೆ ಏರಿಸಿದಾಗ ಶೂನ್ಯದ ಸಮೀಪಕ್ಕೆ ಇಳಿದರೆ ಗಾಳಿ ಸೋರಿಕೆಯ ಸಂಶಯ ಬಲವಾಗುತ್ತದೆ. ಹೆಚ್ಚು ಗಾಳಿ ಹರಿಯುವಾಗ ಸಣ್ಣ ರಂಧ್ರದ ಪಾಲು ನಗಣ್ಯವಾಗುವುದೇ ಕಾರಣ. ವೇಗ ಮತ್ತು ಭಾರ ಹೆಚ್ಚಿದಂತೆ ಅಂಕಿಯೂ ಏರಿದರೆ ಇಂಧನ ಪಂಪು, ಫಿಲ್ಟರುಗಳತ್ತ ನೋಡಬೇಕು. ಮ್ಯಾನಿಫೋಲ್ಡಿನ ಒತ್ತಡವನ್ನೇ ಅಳೆಯುವ ಸೆನ್ಸರಿರುವ ವಾಹನಗಳಲ್ಲಿ ಸೋರಿ ಬಂದ ಗಾಳಿಯೂ ಲೆಕ್ಕಕ್ಕೆ ಸಿಗುವುದರಿಂದ ಟ್ರಿಮ್ ಅಷ್ಟಾಗಿ ಬದಲಾಗದೆ ಐಡ್ಲಿಂಗ್ ವೇಗವೇ ಏರುವುದುಂಟು.

ಸೋರುವ ಸ್ಥಳವನ್ನು ಗುರುತಿಸಲು, ಎಂಜಿನ್ ಓಡುತ್ತಿರುವಾಗ ಮೆದುವಾದ ಪೈಪುಗಳನ್ನು ಒಂದೊಂದಾಗಿ ಹಿಸುಕಿ ನೋಡುವುದು ಖರ್ಚಿಲ್ಲದ ಉಪಾಯ. ಒಂದನ್ನು ಹಿಸುಕಿದೊಡನೆ ನಡುಕ ನಿಂತರೆ ಆ ಮಾರ್ಗವನ್ನು ಪರೀಕ್ಷಿಸಬೇಕು. ಎಂಜಿನ್ ನಿಲ್ಲಿಸಿ, ಅತಿ ಕಡಿಮೆ ಒತ್ತಡದಲ್ಲಿ ಹೊಗೆ ತುಂಬಿ ಅದು ಎಲ್ಲಿ ಹೊರಬರುವುದೆಂದು ನೋಡುವ ಸ್ಮೋಕ್ ಯಂತ್ರ ಹೆಚ್ಚು ನಂಬಲರ್ಹ. ಕಾರ್ಬುರೇಟರ್ ಕ್ಲೀನರ್ ಸಿಂಪಡಿಸುವ ಹಳೆಯ ಪದ್ಧತಿ ಬಿಸಿ ಎಂಜಿನ್ನಿನ ಮೇಲೆ ಬೆಂಕಿಗೆ ಆಹ್ವಾನವೇ ಸರಿ. ಬ್ರೇಕ್ ಬೂಸ್ಟರಿನ ಪೈಪನ್ನಂತೂ ಕಡೆಗಣಿಸಲಾಗದು. ಅದು ಸೋರಿದರೆ ಪೆಡಲ್ ಗಟ್ಟಿಯಾಗಿ, ಭಾರ ಹೊತ್ತ ವ್ಯಾನು ನಿಲ್ಲುವುದೇ ಕಷ್ಟ.

ಬದಲಿ ಪೈಪನ್ನು ತಯಾರಿಸುವವರೂ ಮಾರುವವರೂ ರಬ್ಬರಿನ ಜಾತಿಯನ್ನು ಗಮನಿಸಬೇಕು. ಕ್ರ್ಯಾಂಕ್‌ಕೇಸಿನಿಂದ ಮ್ಯಾನಿಫೋಲ್ಡಿಗೆ ಹೋಗುವ ಪೈಪಿನಲ್ಲಿ ಎಣ್ಣೆಯ ಆವಿ ಹರಿಯುತ್ತದೆ. ರೇಡಿಯೇಟರ್ ಪೈಪಿಗೆ ಬಳಸುವ ಇಪಿಡಿಎಂ ರಬ್ಬರ್ ಬಿಸಿನೀರಿಗೆ ಉತ್ತಮವಾದರೂ ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತದೆ. ನೈಟ್ರೈಲ್ ರಬ್ಬರ್ ತಾಳಿಕೊಳ್ಳುತ್ತದೆ. ಗೋಡೆ ತೆಳುವಾಗಿದ್ದರೆ ನಿರ್ವಾತಕ್ಕೆ ಪೈಪು ಒಳಗೆ ಕುಸಿಯುವುದೂ ಉಂಟು. ಅಳತೆಯೊಂದನ್ನೇ ನೋಡಿ ಕೊಟ್ಟ ಪೈಪು ಕೆಲವೇ ತಿಂಗಳಲ್ಲಿ ಅದೇ ವ್ಯಾನನ್ನು ಮತ್ತೆ ಗ್ಯಾರೇಜಿಗೆ ತರಬಹುದು.