ಬೇವಿನ ಮರಕ್ಕೊಂದು ತಾರೀಖು

ಮಾನ್ವಿಯ ನಮ್ಮ ಹಳೆಯ ಮನೆಯ ಮುಂದೆ ದೊಡ್ಡದೊಂದು ಬೇವಿನ ಮರವಿತ್ತು. ಅದರ ನೆರಳಲ್ಲಿ ಕೂತು ಅವ್ವ ಜೋಳ ಹಸನು ಮಾಡುತ್ತಿದ್ದಳು. ಕೋಣೆ ಕಟ್ಟಲು ಜಾಗ ಬೇಕೆಂದು ಆ ಮರ ಕಡಿಸಿದವನು ನಾನೇ. ಯಾವಾಗ ಕಡಿಸಿದೆ ಎಂಬುದೇ ನನಗೂ ದೇವದುರ್ಗದಲ್ಲಿರುವ ಅಕ್ಕನಿಗೂ ಜಗಳದ ಮಾತಾಗಿತ್ತು.

‘ಅವ್ವ ಇದ್ದಾಗಲೇ ಕಡಿಸಿದಿ. ಆಕಿ ಅದೇ ಕೊರಗಿನ್ಯಾಗ ಹೋದಳು’ ಎಂದು ಅಕ್ಕ. ‘ಇಲ್ಲ, ಅವ್ವ ತೀರಿಕೊಂಡ ಮ್ಯಾಲೆ’ ಎಂದು ನಾನು. ಅವ್ವ ಹೋದದ್ದು ಶ್ರಾವಣದಲ್ಲಿ, ಆಗಸ್ಟ್ ತಿಂಗಳು. ಎರಡು ವರ್ಷದಿಂದ ಅಕ್ಕ ರಾಯಚೂರಿನ ನಮ್ಮ ಮನೆಗೆ ಬಂದಿರಲಿಲ್ಲ.

‘ಅಜ್ಜಾ, ಉಪಗ್ರಹದ ಹಳೇ ಫೋಟೋ ನೋಡೂಣು ಬಾ’ ಎಂದು ಏಳನೇ ತರಗತಿಯ ಮೊಮ್ಮಗಳು ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೊ ತೆರೆದಳು. ಮೇಲಿನ ಗಡಿಯಾರದ ಚಿತ್ರ ಒತ್ತಿದರೆ ಒಂದು ಪಟ್ಟಿ ಬರುತ್ತದೆ. ಅದನ್ನು ಎಡಕ್ಕೆ ಸರಿಸಿದಂತೆ ಊರು ಹಿಂದಿನ ಕಾಲಕ್ಕೆ ಹೋಗುತ್ತದೆ.

ಚಿತ್ರದ ಮೇಲೆ ಸಣ್ಣ ಅಕ್ಷರದಲ್ಲಿದ್ದ ಇಸವಿಯನ್ನು ನಾನು ಓದಿದೆ. ಅದು ಹಕ್ಕುಸ್ವಾಮ್ಯದ ಇಸವಿ, ಚಿತ್ರ ತೆಗೆದ ದಿನವಲ್ಲ. ತೆಗೆದ ದಿನ ಪರದೆಯ ಕೆಳಸಾಲಿನಲ್ಲಿರುತ್ತದೆ. ಮೌಸ್ ಅನ್ನು ಮಾನ್ವಿಯಿಂದ ರಾಯಚೂರು ಕೋಟೆಗೆ ಒಯ್ದರೆ ಆ ತಾರೀಖೂ ಬದಲಾಗಬಹುದು. ಏಕೆಂದರೆ ಇಡೀ ನಕ್ಷೆ ಒಂದೇ ದಿನದ್ದಲ್ಲ. ಹಳೆ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿದಂತೆ, ಬೇರೆ ಬೇರೆ ದಿನದ ಚಿತ್ರಗಳನ್ನು ಕೂಡಿಸಿರುತ್ತಾರೆ.

ಇನ್ನೂ ಹಿಂದಕ್ಕೆ, 1985ರ ಸುಮಾರಿಗೆ ಹೋದರೆ ಎಲ್ಲ ಮಸುಕು. ಅವು ಲ್ಯಾಂಡ್‌ಸ್ಯಾಟ್ ಚಿತ್ರಗಳು. ಅವುಗಳ ಒಂದು ಚುಕ್ಕೆ ಎಂದರೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಮನೆ, ಮರ, ಅಂಗಳ ಎಲ್ಲ ಅದೊಂದೇ ಚುಕ್ಕೆಯಲ್ಲಿ ಅಡಗಿಬಿಡುತ್ತವೆ. ಅಲ್ಲಿ ಡಿಸೆಂಬರ್ 31 ಎಂದಿದ್ದರೆ ಆ ದಿನವೇ ತೆಗೆದದ್ದೆಂದು ತಿಳಿಯಬಾರದು. ಒಂದು ವರ್ಷದ ಹಲವು ಚಿತ್ರಗಳನ್ನು ಸೇರಿಸಿ ಹಾಗೆ ಬರೆದಿರುತ್ತಾರೆ.

ಕೊನೆಗೆ ಅವ್ವ ತೀರಿಕೊಂಡ ವರ್ಷದ ಎರಡು ಸ್ಪಷ್ಟ ಚಿತ್ರಗಳು ಸಿಕ್ಕವು. ಮೊದಲನೆಯದರಲ್ಲಿ ಮರವಿತ್ತು. ದುಂಡನೆಯ ಹಸಿರು, ಅದರ ವಾಯವ್ಯಕ್ಕೆ ಕಪ್ಪು ನೆರಳು. ಇಂಥ ಉಪಗ್ರಹಗಳು ಹೆಚ್ಚಾಗಿ ಬೆಳಗಿನ ಹತ್ತು, ಹನ್ನೊಂದರ ನಡುವೆ ಹಾದುಹೋಗುವುದರಿಂದ ನೆರಳು ಆ ಕಡೆ ಬೀಳುತ್ತದೆ. ಎರಡನೆಯದರಲ್ಲಿ ಮರವಿರಲಿಲ್ಲ. ತಾರೀಖು 4/9 ಎಂದಿತ್ತು.

‘ನೋಡು, ಸೆಪ್ಟೆಂಬರ್ 4! ಅವ್ವ ಹೋದ ಮ್ಯಾಲೆ ಕಡಿಸಿದ್ದು!’ ಎಂದು ನಾನು ಕೂಗಿದೆ.

ಹುಡುಗಿ ಮೊದಲ ಚಿತ್ರಕ್ಕೆ ಹಿಂದಿರುಗಿದಳು. ಅದರ ತಾರೀಖು 1/28. ‘ಅಜ್ಜಾ, 28ನೇ ತಿಂಗಳು ಎಲ್ಲೈತಿ? ಇಲ್ಲಿ ಮೊದಲು ತಿಂಗಳು, ಆಮ್ಯಾಲೆ ದಿನ. ಅಮೆರಿಕದವರು ಹಂಗ ಬರೀತಾರ.’

ಹಾಗಾದರೆ 4/9 ಎಂದರೆ ಏಪ್ರಿಲ್ 9. ಊರಾಚೆಯ ಖುಷ್ಕಿ ಹೊಲಗಳನ್ನೂ ನೋಡಿದೆವು. ಬರೀ ಎರೆಮಣ್ಣು. ಸೆಪ್ಟೆಂಬರ್ ಆಗಿದ್ದರೆ ಹತ್ತಿ, ತೊಗರಿಯ ಹಸಿರು ಕಾಣಬೇಕಿತ್ತು. ಮರ ಬಿದ್ದದ್ದು ಜನವರಿ 28 ಮತ್ತು ಏಪ್ರಿಲ್ 9ರ ನಡುವೆ. ಆಗ ಅವ್ವ ಇದ್ದಳು.

ಮಕ್ಕಳೇ, ತಾರೀಖು ತಪ್ಪಿದರೆ ಚಿತ್ರವೂ ಸುಳ್ಳು ಹೇಳುತ್ತದೆ. 2009ರ ಅಕ್ಟೋಬರ್ ಆರಂಭದಲ್ಲಿ ಕೃಷ್ಣಾ, ತುಂಗಭದ್ರಾ ಉಕ್ಕಿ ನಮ್ಮ ಜಿಲ್ಲೆಯ ಊರುಗಳಿಗೆ ನೀರು ನುಗ್ಗಿತು. ಅದೇ ವರ್ಷದ ಮೇ ತಿಂಗಳ ಚಿತ್ರ ನೋಡಿ ‘ಇಲ್ಲಿ ನೆರೆಯೇ ಬಂದಿಲ್ಲ’ ಎನ್ನಬಹುದೇ? ನಿಮ್ಮೂರಿನ ಹಳೆಯ ಚಿತ್ರ ನೋಡುವಾಗ ಅಜ್ಜ, ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೆಳೆ, ಕೆರೆ, ನೆರಳು ನೋಡಿ ಕಾಲ ಯಾವುದೆಂದು ಅವರು ಹೇಳುತ್ತಾರೆ, ತಾರೀಖು ನೀವು ಓದಿ.

ಅಂದು ರಾತ್ರಿಯೇ ದೇವದುರ್ಗಕ್ಕೆ ಫೋನ್ ಮಾಡಿದೆ. ‘ಅಕ್ಕಾ, ನಿನ್ನ ಮಾತೇ ಖರೆ. ತಪ್ಪು ನಂದು’ ಎಂದೆ. ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ತಮ್ಮಾ, ಊಟ ಆತೇನು?’ ಎಂದಳು. ಫೋನ್ ಇಡುವ ಮುಂಚೆ ಒಂದು ಮಾತು ಕೇಳಿದಳು: ‘ಮರ ಇದ್ದ ಫೋಟೋ ಕಳಸು.’

ಜನವರಿಯ ಚಿತ್ರ ಕಳಿಸಿದೆವು. ಅಷ್ಟು ಮೇಲಿನಿಂದ ಮನುಷ್ಯರು ಕಾಣುವುದಿಲ್ಲ. ಮರದ ಕೆಳಗೆ ಅವ್ವ ಕೂತಿದ್ದರೂ ಕೂತಿದ್ದಾಳು.