ಸದಸ್ಯತ್ವವಿದ್ದರೂ ಕೊಠಡಿ ದುರ್ಲಭವೇಕೆ?
ರಜಾ ಯೋಜನೆಗೆ ಲಕ್ಷಾಂತರ ರೂಪಾಯಿ ತೆತ್ತವರಿಗೂ ಕ್ರಿಸ್‌ಮಸ್ ವಾರದಲ್ಲಿ ಮಡಿಕೇರಿಯ ರೆಸಾರ್ಟಿನ ದೊಡ್ಡ ಕೊಠಡಿ ದೊರೆಯುವುದು ಸುಲಭವಲ್ಲ. ಅವರು ಖರೀದಿಸಿರುವುದು ಕೊಠಡಿಯನ್ನಲ್ಲ, ಕಾಯ್ದಿರಿಸುವ ಹಕ್ಕನ್ನು ಮಾತ್ರ.

1996ರಲ್ಲಿ ಆರಂಭವಾದ ಮಹೀಂದ್ರ ಹಾಲಿಡೇಸ್ ಸಂಸ್ಥೆಯ 25 ವರ್ಷಗಳ ಸದಸ್ಯತ್ವದಲ್ಲಿ ವರ್ಷವನ್ನು ನೇರಳೆ, ಕೆಂಪು, ಬಿಳಿ, ನೀಲಿ ಎಂಬ ನಾಲ್ಕು ಋತುಗಳಾಗಿ ವಿಂಗಡಿಸಲಾಗಿದೆ. ಅತ್ಯಧಿಕ ಬೇಡಿಕೆಯ ಕಾಲವೇ ನೇರಳೆ. ಅಗ್ಗದ ಋತುವನ್ನು ಆರಿಸಿಕೊಂಡವರಿಗೆ ಆ ದಿನಗಳು ಹಕ್ಕಾಗಿ ಬರುವುದಿಲ್ಲ. ಅಂಕ ಆಧಾರಿತ ಯೋಜನೆಗಳಲ್ಲಿಯೂ ಬೇಡಿಕೆಯ ದಿನಗಳಿಗೆ ಹೆಚ್ಚು ಅಂಕ ವ್ಯಯವಾಗುತ್ತದೆ. ಆದ್ದರಿಂದ ಕಾಯ್ದಿರಿಸುವ ಅವಧಿ ತೆರೆದ ದಿನವೇ ಕೋರಿಕೆ ಸಲ್ಲಿಸುವುದು, ವಾರಾಂತ್ಯವನ್ನು ಬಿಟ್ಟು ವಾರದ ನಡುವಿನ ದಿನಗಳನ್ನು ಆರಿಸುವುದು ಲೇಸು.

ಯಾವುದೇ ಸಂಸ್ಥೆಯಾಗಲಿ, ಮಾರಾಟಗಾರರ ಮಾತು ಕರಾರಿನಲ್ಲಿದೆಯೇ ಎಂದು ಸಹಿಗೆ ಮುನ್ನ ಪರಿಶೀಲಿಸಬೇಕು. ಕರಾರು ಮುರಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನೀಡಬಹುದು. ಚಿತ್ತಾಪುರ ತಾಲ್ಲೂಕಿನ ರಾವೂರಿನವರು ಇದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ. ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗವೇ ಸಾಕು.